ಐದನೆಯ ಸುತ್ತು

ನನ್ನ ಕೆಲಸ ಟೊಪ್ಪಿಗೆ ಹಿಡಿಯುವುದು.
ಹನ್ನೊಂದು ಬೇಸಿಗೆ, ಉಲಾನ್‌ಬಾತರಿನ ಬಯಲಲ್ಲಿ,
ಗೊಂಚಿಗ್ ಜಟ್ಟಿ ಕಣಕ್ಕಿಳಿದಾಗಲೆಲ್ಲ
ಅವನ ನಾಲ್ಕು ಮೂಲೆಯ ಟೊಪ್ಪಿಗೆ ನನ್ನ ಕೈಯಲ್ಲಿ,
ಒಳಗೆ ಬೆವರಿನ ಬಿಸಿ, ಕುರಿಕೊಬ್ಬಿನ ವಾಸನೆ.

ಮೊನ್ನೆ ಪತ್ರಿಕೆಯ ಹುಡುಗಿ ಬಂದಿದ್ದಳು.
ಉಣ್ಣೆಗುಡಾರದೊಳಗೆ ಕೂತು, ಉಪ್ಪು ಚಹಾ ಕುಡಿದು ಕೇಳಿದಳು:
"ಚೋಯ್ಸುರೆನ್ ಇರದಿದ್ದರೆ ಗೊಂಚಿಗ್ ಸಿಂಹವಾಗುತ್ತಿದ್ದನೇ?
ಇವರನ್ನೆಲ್ಲ ಅವನು ಬೆಳೆಸಿದನೋ, ತುಳಿದನೋ?"

ಅವಳಿಗೆ ಹೇಳಿದ್ದು ಇಷ್ಟು:
ಒಂಬತ್ತು ಸುತ್ತು ಗೆದ್ದವನು ಸಿಂಹ,
ಎಂಟಕ್ಕೆ ನಿಂತವನು ಗರುಡ.
ಗೊಂಚಿಗ್ ನಾಲ್ಕು ಸಲ ಎಂಟಕ್ಕೇ ನಿಂತ.
ನಾಲ್ಕು ಸಲವೂ ಅಂಗಿಯ ದಾರ ಬಿಚ್ಚಿ
ಚೋಯ್ಸುರೆನ್ ಎತ್ತಿದ ತೋಳಿನಡಿ ತಲೆ ತಗ್ಗಿಸಿ ನಡೆದ,
ಗಿಡ್ಡ ಬಾಗಿಲಿನ ಮನೆ ಹೊಕ್ಕವನ ಹಾಗೆ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ
ಅಲ್ಲಿ ಮಣ್ಣೆಲ್ಲಿ? ಬರೀ ಹುಲ್ಲು.
ತೋಳಂಗಿಗೆ ಹತ್ತಿದ ಹಸಿರು
ಎಷ್ಟು ಒಗೆದರೂ ಹೋಗಲಿಲ್ಲ.

ಆದರೆ ಆ ಹಸಿರು ಹತ್ತದಿದ್ದರೆ ಗೊಂಚಿಗ್ ಯಾರು?
ಚಳಿಗಾಲವಿಡೀ ಒಬ್ಬನ ಎಡಗಾಲನ್ನೇ ಧ್ಯಾನಿಸಿದ.
ಹೆಂಡತಿ ಕರೆದರೆ ಓಗೊಡದವನು
ಚೋಯ್ಸುರೆನ್ ಎಂದರೆ ನಿದ್ದೆಯಲ್ಲೂ ಸೊಂಟ ತಿರುವುತ್ತಿದ್ದ.
ಮಂಜಿನಲ್ಲಿ ಕಲ್ಲು ಹೊತ್ತ, ಒಂಟೆಯ ಹಗ್ಗ ಹಿಡಿದು ಜಗ್ಗಿದ.
ಅವನ ಕುತ್ತಿಗೆ ದಪ್ಪವಾದದ್ದು
ಮತ್ತೊಬ್ಬನ ಹೆಸರು ಮೇಯ್ದು.

ಆಮೇಲೆ ಚೋಯ್ಸುರೆನ್ ಕಣ ಬಿಟ್ಟ.
ಈ ಸಲ ನಮ್ಮದೇ ಎಂದರು ಊರವರೆಲ್ಲ.
ಮೂರನೇ ಸುತ್ತಿನಲ್ಲಿ ಖೋವ್ಡ್ ಕಡೆಯ ಪೋರನೊಬ್ಬ,
ಇನ್ನೂ ಗಡ್ಡ ಮೂಡದವನು,
ಗೊಂಚಿಗನನ್ನು ಬಲಗಡೆಯಿಂದ ಕೆಡವಿದ.
ಬಲಗಡೆಯಿಂದಲೂ ಬೀಳಬಹುದೆಂದು
ಅವನಿಗೆ ಮರೆತೇ ಹೋಗಿತ್ತು.
ಒಬ್ಬನನ್ನೇ ಕಲಿತಿದ್ದ.

ಹುಡುಗಿ ಬರೆದುಕೊಂಡಳು. ಚೆನ್ನಾಗಿದೆ ಎಂದಳು.
ಅವಳ ಜೀಪಿನ ಧೂಳು ಅಡಗಿದ ಮೇಲೆ
ಹೇಳದೆ ಉಳಿದದ್ದು ನಾಲಿಗೆಗೆ ಬಂತು.

ನಮ್ಮಲ್ಲೊಂದು ಕ್ರಮವಿದೆ: ಸುತ್ತು ಏರಿದಂತೆ
ದೊಡ್ಡ ಜಟ್ಟಿ ತನ್ನ ಎದುರಾಳಿಯನ್ನು ತಾನೇ ಆರಿಸುತ್ತಾನೆ.
ಗೊಂಚಿಗನನ್ನು ಚೋಯ್ಸುರೆನ್ ಎಂದೂ ಬೇಗ ಆರಿಸಲಿಲ್ಲ;
ಕೊನೆಗೆಂದು ಉಳಿಸಿಕೊಂಡ,
ಹಬ್ಬದೂಟದಲ್ಲಿ ಕೊಬ್ಬಿನ ತುಂಡು ಬದಿಗೆ ಸರಿಸುವಂತೆ.
ಮರ್ಯಾದೆಯೋ, ಲೆಕ್ಕಾಚಾರವೋ,
ಗೊಂಚಿಗ್ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಯೊಂದೊನ್ ಎಂಬವನಿದ್ದ. ಕುದುರೆ ಕಾಯುವವನ ಮಗ,
ಉದ್ದ ತೋಳು, ಮಾತು ಕಡಿಮೆ.
ಐದನೆಯ ಸುತ್ತು ಗೆದ್ದರೆ ಹೆಸರಿನ ಪಕ್ಕ
ಡೇಗೆ ಬಂದು ಕೂರುತ್ತದೆ,
ಬಿರುದುಗಳಲ್ಲೇ ಚಿಕ್ಕ ಹಕ್ಕಿ.
ಆರು ಬೇಸಿಗೆ ಅವನು ನಾಲ್ಕು ಸುತ್ತು ಗೆದ್ದು ಬಂದ.
ಆರು ಬೇಸಿಗೆಯೂ ಐದರಲ್ಲಿ
ಚೋಯ್ಸುರೆನ್‌ನ ಬೆರಳು ಅವನತ್ತಲೇ ತಿರುಗಿತು.

ಸುಲಭದವನನ್ನು ಆರಿಸಿದ ಎಂದು ಜನ ನಕ್ಕರು.
ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ:
ಆ ಕುಸ್ತಿಗಳಲ್ಲಿ ಮಾತ್ರ ಚೋಯ್ಸುರೆನ್‌ನ ಕಿವಿ ಕೆಂಪಾಗುತ್ತಿತ್ತು,
ಉಸಿರು ಓಡಿ ಬಂದ ಕುದುರೆಯದು.
ತಾನು ದಣಿಯುವ ಮೊದಲೇ ಅವನನ್ನು ಮುಗಿಸಬೇಕಿತ್ತು.

ಏಳನೆಯ ಬೇಸಿಗೆ ಯೊಂದೊನ್ ಬರಲಿಲ್ಲ.
ಗೋಬಿಯ ಕಲ್ಲಿದ್ದಲ ಗಣಿಯಲ್ಲಿ ಲಾರಿ ಓಡಿಸುತ್ತಾನಂತೆ.
ಆ ದಾರಿಯಲ್ಲಿ ಪತ್ರಿಕೆಯ ಜೀಪು ಹೋಗುವುದಿಲ್ಲ.

ಒಂದು ವರ್ಷ, ಅವನ ಕಡೆಯವನಿಗೆ ಜ್ವರ ಬಂದು,
ಯೊಂದೊನ್‌ನ ಟೊಪ್ಪಿಗೆಯನ್ನೂ ನಾನೇ ಹಿಡಿದಿದ್ದೆ.
ಐದನೆಯ ಸುತ್ತಿಗೆ ಮುನ್ನ ಬಿರುದು ಕೂಗುವುದು ಪದ್ಧತಿ.
ಗೊಂಚಿಗನಿಗಾದರೆ ಎದೆ ಖಾಲಿಯಾಗುವಷ್ಟು ಉದ್ದ.
ಇವನಿಗೆ, ತಂದೆಯ ಹೆಸರು ಕೂಗಿದೆ, ಊರಿನ ಹೆಸರು ಕೂಗಿದೆ.
ಬಾಯಿ ತೆರೆದೇ ಇತ್ತು.
ಇನ್ನೂ ಉಸಿರು ಉಳಿದಿತ್ತು.